ಶ್ವಾಸನಾಳದಲ್ಲಿ ಸ್ಟೆಂಟ್ ಇರುವ ರೋಗಿಗೆ ಉಸಿರು ಕಟ್ಟಿದರೆ ಟ್ಯೂಬ್ ಹಾಕಬಹುದೇ?

ಪ್ರಶ್ನೆ: ನಾನು ಸಣ್ಣ ಆಸ್ಪತ್ರೆಯೊಂದರ ಕ್ಯಾಜುವಾಲ್ಟಿಯಲ್ಲಿ ರಾತ್ರಿ ಪಾಳಿ ಮಾಡುವ ವೈದ್ಯೆ. ಶ್ವಾಸನಾಳಕ್ಕೆ ಸ್ಟೆಂಟ್ (ದಾರಿ ಮುಚ್ಚದಂತೆ ಒಳಗೆ ಇಡುವ ಕೊಳವೆ) ಹಾಕಿಸಿಕೊಂಡಿದ್ದ ರೋಗಿಯೊಬ್ಬರು ಇತ್ತೀಚೆಗೆ ಉಸಿರಿಗೆ ಒದ್ದಾಡುತ್ತಾ ಬಂದರು. ಬಾಯಿಂದ ಉಸಿರಿನ ಟ್ಯೂಬ್ ಹಾಕಿದರೆ ಸ್ಟೆಂಟ್ ಜರುಗುತ್ತದೆ, ಮುಟ್ಟಲೇಬೇಡಿ ಎಂದರು ಒಬ್ಬ ಸೀನಿಯರ್. ಹಾಕದಿದ್ದರೆ ಉಳಿಯುವುದಿಲ್ಲ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಸಲೈನ್ ನೆಬ್ಯುಲೈಸರ್ ಕೊಟ್ಟು ಕೆಮ್ಮಿಸಿದೆವು. ದೊಡ್ಡ ಕಫದ ಗಟ್ಟಿ ಹೊರಬಂತು, ರೋಗಿ ಸುಧಾರಿಸಿದರು. ಮುಂದಿನ ಸಲ ಹಾಗಾಗದಿದ್ದರೆ? ಯಾವ ಟ್ಯೂಬ್, ಎಷ್ಟು ಆಳಕ್ಕೆ? ಕತ್ತಿನಲ್ಲಿ ದಾರಿ ಮಾಡಬೇಕಾಗಿ ಬಂದರೆ ಏನು ಮಾಡಬೇಕು? ಇಂಥವರಿಗೆ ಬೇರೆ ತುರ್ತು ಆಪರೇಷನ್ ಬಂದರೆ?

ಉತ್ತರ: ನಿಮ್ಮ ಇಬ್ಬರು ಸೀನಿಯರ್‌ಗಳ ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಗೊಂದಲ ಆಗಿದ್ದೇ ಅದಕ್ಕೆ. ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಟ್ಯೂಬ್ ಹಾಕಬಹುದು. ಬೇಕಾದಾಗ ಹಾಕಲೇಬೇಕು. ಆದರೆ ಸ್ಟೆಂಟ್ ಇದೆ ಅನ್ನುವ ಹೆದರಿಕೆಯಲ್ಲಿ ಆಕ್ಸಿಜನ್ ತಡವಾಗಬಾರದು. ಸ್ಟೆಂಟ್ ಇದೆ ಅನ್ನುವುದನ್ನೇ ಮರೆತು ಕಣ್ಣಿಗೆ ಕಾಣದ ಕಡೆಗೆ ಟ್ಯೂಬ್ ತಳ್ಳಲೂಬಾರದು. ಸ್ಟೆಂಟ್ ಹಾಳಾದರೆ ಇನ್ನೊಂದು ಹಾಕಬಹುದು. ಮೆದುಳಿಗೆ ಆಕ್ಸಿಜನ್ ನಿಂತರೆ ಅದಕ್ಕೆ ಬದಲಿ ಇಲ್ಲ. ಯಾವುದನ್ನು ಮೊದಲು ಉಳಿಸಬೇಕು ಅನ್ನುವ ಪ್ರಶ್ನೆ ಬಂದಾಗ ಈ ಒಂದು ಮಾತು ನಿಮ್ಮ ತಲೆಯಲ್ಲಿರಲಿ.

ಮೊದಲು ಒಳಗಿನ ಜಾಗದ ಲೆಕ್ಕ ಗೊತ್ತಿರಬೇಕು. ದೊಡ್ಡವರ ಶ್ವಾಸನಾಳ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ಒಳಗಿನ ಅಗಲ ಸಾಮಾನ್ಯವಾಗಿ 15ರಿಂದ 20 ಮಿಲಿಮೀಟರ್. ಹಾಕುವ ಸ್ಟೆಂಟ್‌ಗಳು ಹೆಚ್ಚಾಗಿ 14, 16, 18 ಮಿಲಿಮೀಟರ್ ಅಳತೆಯವು. ಅದರಲ್ಲಿ ಸಿಲಿಕಾನ್ ಗೋಡೆಯ ದಪ್ಪ ಕಳೆದರೆ ಉಸಿರಿಗೆ ಉಳಿಯುವ ದಾರಿ ಇನ್ನೂ ಕಿರಿದು. ಈಗ ನಮ್ಮ ಟ್ಯೂಬ್ ನೋಡಿ. 7ರ ಟ್ಯೂಬ್ ಎಂದರೆ ಒಳಗಿನ ಅಗಲ 7 ಮಿಲಿಮೀಟರ್. ಹೊರಗಿನ ಅಳತೆ ಸುಮಾರು ಒಂಬತ್ತೂವರೆ. 6ರ ಟ್ಯೂಬಿನ ಹೊರ ಅಳತೆ 8ಕ್ಕಿಂತ ಸ್ವಲ್ಪ ಜಾಸ್ತಿ. ಹೊಸದಾಗಿ ಹಾಕಿದ, ಸ್ವಚ್ಛವಾಗಿರುವ ಸ್ಟೆಂಟ್ ಒಳಗೆ ಇವೆರಡೂ ಹೋಗುತ್ತವೆ. ಆದರೆ ನಿಮ್ಮ ಮುಂದೆ ಒದ್ದಾಡುತ್ತಿರುವ ರೋಗಿಯ ಸ್ಟೆಂಟ್ ಸ್ವಚ್ಛವಾಗಿಲ್ಲ, ಅಲ್ವಾ? ಅದಕ್ಕೇ ಅವರು ಬಂದಿರುವುದು.

ಸ್ಟೆಂಟ್ ಯಾಕೆ ಕಟ್ಟುತ್ತದೆ? ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದದ್ದು ಕಫ. ಶ್ವಾಸನಾಳದ ಒಳಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅವು ಕಫವನ್ನು ಹಗಲೂ ರಾತ್ರಿ ಮೇಲಕ್ಕೆ ಸಾಗಿಸುತ್ತಿರುತ್ತವೆ. ಸ್ಟೆಂಟ್ ಮೇಲೆ ಆ ರೋಮ ಇಲ್ಲ. ಕಫ ಅಲ್ಲೇ ನಿಲ್ಲುತ್ತದೆ, ಒಣಗುತ್ತದೆ, ಪದರ ಪದರವಾಗಿ ಗಟ್ಟಿಯಾಗುತ್ತದೆ. ಎರಡನೆಯದು ಸ್ಟೆಂಟ್ ತುದಿಯಲ್ಲಿ ಬೆಳೆಯುವ ಮಾಂಸ. ತುದಿ ಗೋಡೆಗೆ ಉಜ್ಜಿ ಉಜ್ಜಿ ಗ್ರ್ಯಾನುಲೇಷನ್ ಆಗುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಮೂರನೆಯದು ಸ್ಟೆಂಟ್ ಜಾಗ ಬಿಡುವುದು. ಕ್ಯಾನ್ಸರ್ ಇದ್ದವರಲ್ಲಿ ಗೆಡ್ಡೆ ಸ್ಟೆಂಟ್ ತುದಿಯಾಚೆಗೆ ಬೆಳೆಯಬಹುದು, ಜಾಲರಿಯ ಸಂದಿನಿಂದ ಒಳಕ್ಕೂ ಬರಬಹುದು. ಲೋಹದ ಸ್ಟೆಂಟ್ ವರ್ಷಗಟ್ಟಲೆ ಇದ್ದರೆ ತಂತಿ ಮುರಿಯುವುದೂ ಉಂಟು.

ಇಲ್ಲಿ ಒಂದು ಎಚ್ಚರ. ಈ ರೋಗಿಗಳನ್ನು ಅಸ್ತಮಾ ಎಂದು ತಪ್ಪು ತಿಳಿಯುವುದು ಬಹಳ ಸುಲಭ. ಸುಂಯ್ ಶಬ್ದ ಕೇಳುತ್ತದೆ, ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) 96 ಇರುತ್ತದೆ, ಅಸ್ತಮಾದ ಔಷಧಿ ಸಾಲ್ಬುಟಮಾಲ್ ಮೇಲೆ ಸಾಲ್ಬುಟಮಾಲ್ ಹೋಗುತ್ತದೆ. ದೊಡ್ಡ ನಾಳದ ಅಡ್ಡಿಯಲ್ಲಿ ಸ್ಯಾಚುರೇಷನ್ ಕೊನೆಯ ಗಳಿಗೆವರೆಗೂ ಚೆನ್ನಾಗಿಯೇ ಇರಬಹುದು, ಅದರಲ್ಲೂ ಆಕ್ಸಿಜನ್ ಹಾಕಿದ್ದರೆ. ಶ್ವಾಸನಾಳದ ದಾರಿ ಸುಮಾರು 8 ಮಿಲಿಮೀಟರ್‌ಗೆ ಇಳಿದಾಗ ನಡೆದರೆ ಏದುಸಿರು ಬರುತ್ತದೆ. 5 ಮಿಲಿಮೀಟರ್ ಹತ್ತಿರ ಬಂದಾಗ ಸುಮ್ನೆ ಕೂತಿದ್ದರೂ ಕರ್ಕಶ ಶಬ್ದ ಕೇಳುತ್ತದೆ. ಹಾಗಾಗಿ ಕೂತಲ್ಲೇ ಈ ಕರ್ಕಶ ಶಬ್ದ (ಸ್ಟ್ರೈಡರ್) ಇದ್ದವರಲ್ಲಿ ಉಳಿದಿರುವ ಜಾಗ ತೀರಾ ಸ್ವಲ್ಪ. ಅರ್ಧ ಮಿಲಿಮೀಟರ್ ಊತವೂ ಅಲ್ಲಿ ದೊಡ್ಡದು. ದಾರಿಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ತಡೆ 16 ಪಟ್ಟು ಏರುತ್ತದೆ. ಅದು ನೇರ ಹರಿವಿನ ಲೆಕ್ಕ. ಸುಳಿ ಎದ್ದ ಗಾಳಿಗೆ ಇನ್ನೂ ಜಾಸ್ತಿ.

ಇನ್ನು ಮೊದಲ ನಿಮಿಷಗಳು. ರೋಗಿಯನ್ನು ಮಲಗಿಸಬೇಡಿ. ಅವರು ಹೇಗೆ ಕೂತಿದ್ದಾರೋ ಹಾಗೇ ಇರಲಿ. ಮುಂದೆ ಬಾಗಿ ಕೂತಿದ್ದರೆ ಆ ಭಂಗಿ ಅವರ ದೇಹ ತಾನೇ ಹುಡುಕಿಕೊಂಡದ್ದು. ಸಿಟಿ ಸ್ಕ್ಯಾನ್ ಮಾಡಿಸೋಣ ಎಂದು ಅಂಗಾತ ಮಲಗಿಸಿದಾಗ ಪೂರ್ತಿ ಉಸಿರು ನಿಲ್ಲುವ ಅಪಾಯ ಇದೆ. ಹೆಚ್ಚು ಆಕ್ಸಿಜನ್ ಹಾಕಿ. ಬೆಚ್ಚಗಿನ ತೇವದ ಆಕ್ಸಿಜನ್ ಇದ್ದರೆ ಅದೇ ಒಳ್ಳೆಯದು, ಒಣ ಗಾಳಿ ಕಫವನ್ನು ಇನ್ನೂ ಗಟ್ಟಿ ಮಾಡುತ್ತದೆ. ನೀವು ಸಲೈನ್ ನೆಬ್ಯುಲೈಸರ್ ಕೊಟ್ಟು ಕೆಮ್ಮಿಸಿದಿರಲ್ಲ, ಅದು ಸರಿಯಾದ ಹೆಜ್ಜೆ. ಕಫವೇ ಕಾರಣವಾಗಿದ್ದರೆ ಅಷ್ಟರಲ್ಲೇ ಮುಗಿಯಬಹುದು. ಲೋಳೆಪದರ ಊದಿದೆ ಅನ್ನಿಸಿದರೆ ಅಡ್ರಿನಲಿನ್ ನೆಬ್ಯುಲೈಸರ್ ಕೊಡಬಹುದು. ಸ್ಟೀರಾಯ್ಡ್ ಕೊಡಿ, ಆದರೆ ಅದು ಕೆಲಸ ಮಾಡಲು ಗಂಟೆಗಟ್ಟಲೆ ಬೇಕು. ಅದನ್ನೇ ನಂಬಿ ಕೂರಬೇಡಿ. ಹೀಲಿಯಂ ಬೆರೆಸಿದ ಆಕ್ಸಿಜನ್ ಸಿಕ್ಕರೆ ಉಸಿರಿನ ಶ್ರಮ ಕಡಿಮೆಯಾಗುತ್ತದೆ. ಆದರೆ ಅದರಲ್ಲಿ ಆಕ್ಸಿಜನ್ ಇರುವುದು 20ರಿಂದ 30 ಶೇಕಡಾ ಮಾತ್ರ. ಜಾಸ್ತಿ ಆಕ್ಸಿಜನ್ ಬೇಕಾದವರಿಗೆ ಅದು ಒಗ್ಗದು.

ರೋಗಿ ಗಾಬರಿಯಾಗಿದ್ದಾರೆ, ಸ್ವಲ್ಪ ಮಿಡಜೋಲಮ್ ಕೊಡೋಣ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಆ ಗಾಬರಿ ಉಸಿರು ಸಾಲದ್ದರಿಂದ ಬಂದದ್ದು. ನಿದ್ದೆ ಬರಿಸಿದರೆ ಅವರು ತಾವೇ ಎಳೆದುಕೊಳ್ಳುತ್ತಿರುವ ಉಸಿರೂ ಹೋಗುತ್ತದೆ.

ಇದೇ ಹೊತ್ತಿನಲ್ಲಿ ಫೋನ್ ಹೋಗಬೇಕು. ಅರಿವಳಿಕೆ ತಜ್ಞರಿಗೆ, ಕಿವಿ ಮೂಗು ಗಂಟಲು ತಜ್ಞರಿಗೆ, ಸ್ಟೆಂಟ್ ಹಾಕಿದ ತಂಡಕ್ಕೆ. ರೋಗಿ ಸುಸ್ತಾದ ಮೇಲೆ ಅಲ್ಲ, ಸ್ಟ್ರೈಡರ್ ಕೇಳಿದ ಕೂಡಲೇ. ಇನ್ನೊಬ್ಬರು ಮನೆಯವರ ಹತ್ತಿರ ನಿಂತು ನಾಲ್ಕು ವಿಷಯ ಕೇಳಲಿ. ಸ್ಟೆಂಟ್ ಯಾವ ಬಗೆಯದು? ಎಲ್ಲಿದೆ? ಯಾವಾಗ ಹಾಕಿದ್ದು, ಎಷ್ಟು ಅಗಲದ್ದು? ಡಿಸ್ಚಾರ್ಜ್ ಸಮರಿ ಸಿಕ್ಕರೆ ಪುಣ್ಯ. ಸಿಗದಿದ್ದರೆ ಕೂತಲ್ಲೇ ಒಂದು ಎದೆಯ ಎಕ್ಸ್‌ರೇ ತೆಗೆಸಿ. ಲೋಹದ ಸ್ಟೆಂಟ್ ಸ್ಪಷ್ಟವಾಗಿ ಕಾಣುತ್ತದೆ. ಸಿಲಿಕಾನ್ ಕಾಣುವುದು ಕಷ್ಟ. ಕಾಣಲಿಲ್ಲ ಎಂದ ಮಾತ್ರಕ್ಕೆ ಸ್ಟೆಂಟ್ ಇಲ್ಲ ಎಂದುಕೊಳ್ಳಬೇಡಿ.

ಬಗೆ ಯಾಕೆ ಮುಖ್ಯ ಅಂದರೆ, ಪ್ರತಿಯೊಂದೂ ಬೇರೆ ಬೇರೆ ರೀತಿ ಕೈಕೊಡುತ್ತದೆ. ಸಿಲಿಕಾನ್ ಸ್ಟೆಂಟ್ ನುಣುಪಾದ ಕೊಳವೆ. ಫ್ರಾನ್ಸಿನ ಡ್ಯೂಮಾನ್ ಅವರು 1990ರಲ್ಲಿ ವರದಿ ಮಾಡಿದ ಮಾದರಿಯೇ ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ. ಹೊರಮೈಯಲ್ಲಿ ಸಣ್ಣ ಗುಬುಟುಗಳಿವೆ, ಗೋಡೆಗೆ ಕಚ್ಚಿ ನಿಲ್ಲಲಿ ಎಂದು. ಹಾಗಿದ್ದೂ ಅದು ಜರುಗುತ್ತದೆ. ಟ್ಯೂಬಿನ ತುದಿ ಅದರ ಅಂಚಿಗೆ ತಾಗಿದರೆ ಕೆಳಕ್ಕೆ ಹೋಗಬಹುದು, ಮಡಚಿಕೊಳ್ಳಲೂಬಹುದು. ಲೋಹದ ಜಾಲರಿ ಸ್ಟೆಂಟ್ ತಾನೇ ಅರಳಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ. ಹೊದಿಕೆ ಇಲ್ಲದ್ದಾದರೆ ಕೆಲವು ವಾರಗಳಲ್ಲಿ ಅದರ ಸಂದಿನಲ್ಲಿ ಮಾಂಸ ಬೆಳೆದು ಹುದುಗಿಬಿಡುತ್ತದೆ. ಅದು ಅಷ್ಟು ಸುಲಭವಾಗಿ ಜರುಗದು. ಆದರೆ ತುರ್ತಿನಲ್ಲಿ ಎಳೆದು ತೆಗೆಯಲೂ ಆಗದು. ಎಳೆದರೆ ಗೋಡೆ ಹರಿಯುತ್ತದೆ. ಕ್ಯಾನ್ಸರ್ ಅಲ್ಲದ ಕಾಯಿಲೆಗಳಿಗೆ ಲೋಹದ ಸ್ಟೆಂಟ್ ಹಾಕುವ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದ್ದು ಈ ತೊಂದರೆಗಳನ್ನು ನೋಡಿಯೇ. ಇನ್ನು ಅದರ ತಂತಿ ತುದಿ ಟ್ಯೂಬಿನ ಬಲೂನನ್ನು (ಸುತ್ತ ಗಾಳಿ ಸೋರದಂತೆ ಉಬ್ಬಿಸುವ ಭಾಗ) ಚುಚ್ಚಿ ಒಡೆಯಬಹುದು. ಟ್ಯೂಬ್ ಸರಿಯಾಗಿಯೇ ಕೂತಿದೆ, ಆದರೂ ಗಾಳಿ ಸೋರುತ್ತಿದೆ ಅಂದರೆ ಇದನ್ನೂ ನೆನಪಿಸಿಕೊಳ್ಳಿ.

ಟಿ-ಟ್ಯೂಬ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ತುರ್ತಿನಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುವುದು ಇಲ್ಲೇ. ಮಾಂಟ್‌ಗೊಮರಿ ಅವರು 1965ರಲ್ಲಿ ತಂದ ಈ ಕೊಳವೆಯ (ಈಗ ಸಿಲಿಕಾನಿನದು) ಒಂದು ಕೈ ಶ್ವಾಸನಾಳದಲ್ಲಿ ಮೇಲಕ್ಕೆ, ಒಂದು ಕೆಳಕ್ಕೆ, ಮೂರನೆಯದು ಕತ್ತಿನಿಂದ ಹೊರಗೆ. ಹೊರಗಿನ ಕೈಗೆ ಮುಚ್ಚಳ ಇರುತ್ತದೆ. ನೋಡಲು ಟ್ರೆಕಿಯಾಸ್ಟಮಿ ಟ್ಯೂಬಿನ (ಕತ್ತಿನ ತೂತಿನಿಂದ ಶ್ವಾಸನಾಳಕ್ಕೆ ಹಾಕುವ ಟ್ಯೂಬ್) ಹಾಗೇ ಇದೆ. ಆದರೆ ಅದಲ್ಲ. ಒಳಗೆ ತೆಗೆದು ತೊಳೆಯುವ ಇನ್ನೊಂದು ಕೊಳವೆ ಇಲ್ಲ, ಬಲೂನಿಲ್ಲ, ಆಂಬು ಬ್ಯಾಗ್ (ಕೈಯಿಂದ ಒತ್ತಿ ಗಾಳಿ ತುಂಬುವ ಚೀಲ) ನೇರವಾಗಿ ಕೂರುವುದಿಲ್ಲ. ಉಸಿರು ಕಟ್ಟಿದೆ ಅಂದರೆ ಮೊದಲ ಕೆಲಸ ಆ ಮುಚ್ಚಳ ತೆಗೆಯುವುದು. ಇದೊಂದನ್ನು ಮನೆಯವರೂ ಮಾಡಬಹುದು, ಮಾಡಲೇಬೇಕು. ಧ್ವನಿಪೆಟ್ಟಿಗೆಯ ಹತ್ತಿರ ಅಡ್ಡಿ ಇದ್ದರೆ ರೋಗಿ ಆ ತೂತಿನಿಂದಲೇ ಉಸಿರಾಡುತ್ತಾರೆ. ಆಮೇಲೆ ಹೊರಗಿನ ಕೈಯಿಂದ ಸ್ವಲ್ಪ ಸಲೈನ್ ಬಿಟ್ಟು, ಸಣ್ಣ ಸಕ್ಷನ್ ಕ್ಯಾಥೆಟರ್ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ತಿರುಗಿಸಿ ಕಫ ಎಳೆಯಿರಿ.

ಟಿ-ಟ್ಯೂಬ್ ಇದ್ದವರಿಗೆ ಗಾಳಿ ತುಂಬಬೇಕಾದಾಗ ಒಂದು ದಾರಿ ತೆರೆದರೆ ಇನ್ನೊಂದು ಸೋರುತ್ತದೆ. ಬಾಯಿಂದ ಮಾಸ್ಕ್ ಮೂಲಕ ಕೊಟ್ಟರೆ ಕತ್ತಿನ ಕೈಯಿಂದ ಹೊರಗೆ ಹೋಗುತ್ತದೆ. ಅದನ್ನು ಮುಚ್ಚಿ ಹಿಡಿಯಬೇಕು. ಕತ್ತಿನ ಕೈಯಿಂದ ಕೊಟ್ಟರೆ ಬಾಯಿ ಮೂಗಿನಿಂದ ಸೋರುತ್ತದೆ. ಆಗ ಸಹಾಯಕರು ಬಾಯಿ ಮೂಗು ಎರಡನ್ನೂ ಒತ್ತಿ ಹಿಡಿಯಬೇಕು. ಅಥವಾ ಲ್ಯಾರಿಂಜಿಯಲ್ ಮಾಸ್ಕ್ (ಗಂಟಲಿನಲ್ಲಿ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಸಾಧನ) ಹಾಕಿ ಅದರ ಬಾಯಿಯನ್ನು ಮುಚ್ಚಬೇಕು. ಬ್ಯಾಗ್ ಜೋಡಿಸಲು ಬಾಯಿಂದ ಹಾಕುವ (ಎಂಡೋಟ್ರೇಕಿಯಲ್) ಟ್ಯೂಬಿನ ತಲೆಯಲ್ಲಿರುವ ಪ್ಲಾಸ್ಟಿಕ್ ಕನೆಕ್ಟರ್ ಬಿಚ್ಚಿ, ಹೊರಗಿನ ಕೈಗೆ ಹೊಂದುವ ಸೈಜ್ ಯಾವುದೋ ಅದನ್ನು ತುರುಕಿ. ರೋಗಿ ವಾರ್ಡಿಗೆ ಬಂದ ದಿನವೇ ಯಾವ ಸೈಜ್ ಕೂರುತ್ತದೆ ಎಂದು ನೋಡಿ, ಒಂದನ್ನು ಹಾಸಿಗೆ ತಲೆಗೆ ಟೇಪ್ ಹಚ್ಚಿ ಅಂಟಿಸಿಡಿ. ತುರ್ತಿನಲ್ಲಿ ಡಬ್ಬಿಯೊಳಗೆ ಹುಡುಕುವ ಕೆಲಸ ಆಗಬಾರದು.

ಸಕ್ಷನ್‌ನಿಂದಲೂ ಆಗಲಿಲ್ಲ, ಗಾಳಿಯೂ ಹೋಗುತ್ತಿಲ್ಲ ಅಂದರೆ ಟಿ-ಟ್ಯೂಬನ್ನೇ ತೆಗೆಯಬೇಕು. ಹೊರಗಿನ ಕೈಯನ್ನು ಗಟ್ಟಿ ಆರ್ಟರಿ ಫೋರ್ಸೆಪ್ಸ್‌ನಲ್ಲಿ ಹಿಡಿದು, ಕತ್ತಿಗೆ ನೇರವಾಗಿ, ಅಳುಕದೆ ಒಂದೇ ಸಮನೆ ಎಳೆಯಿರಿ. ಸಿಲಿಕಾನ್ ಮೆತ್ತಗಿದೆ, ಮಡಚಿಕೊಂಡು ಬರುತ್ತದೆ. ಸ್ವಲ್ಪ ರಕ್ತ ಬರುತ್ತದೆ, ಹೆದರಬೇಡಿ. ಆ ತೂತಿನಲ್ಲೇ ಸಣ್ಣ ಸೈಜಿನ ಬಲೂನಿರುವ ಟ್ರೆಕಿಯಾಸ್ಟಮಿ ಟ್ಯೂಬ್ ಹಾಕಿ. ಅದಿಲ್ಲದಿದ್ದರೆ 5 ಅಥವಾ 6ರ ಎಂಡೋಟ್ರೇಕಿಯಲ್ ಟ್ಯೂಬ್ ಹಾಕಿ. ಬಲೂನು ಒಳಗೆ ಹೋದ ಮೇಲೆ ಇನ್ನು ಒಂದೆರಡು ಸೆಂಟಿಮೀಟರ್ ಸಾಕು. ಜಾಸ್ತಿ ಹೋದರೆ ಬಲ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುತ್ತದೆ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ, ಬಾಯಿಂದ ಟ್ಯೂಬ್ ಹಾಕುವುದು. ಸ್ಟೆಂಟ್ ಎಲ್ಲಿದೆ ಅನ್ನುವುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಕೈಗೆ ಒಂದು 7ರ ಟ್ಯೂಬ್ ತಗೊಂಡು ನೋಡಿ. ತುದಿಯಿಂದ ಬಲೂನಿನ ಮೇಲಂಚಿನವರೆಗೆ ಸುಮಾರು 5ರಿಂದ 6 ಸೆಂಟಿಮೀಟರ್ ಇರುತ್ತದೆ. ಬಲೂನು ಧ್ವನಿತಂತುಗಳ ಕೆಳಗೆ ಇರಲೇಬೇಕು. ಅಂದರೆ ತುದಿ ಕಡಿಮೆಯೆಂದರೂ ಅಷ್ಟು ಕೆಳಗಿರುತ್ತದೆ. ಸ್ಟೆಂಟ್ ಶ್ವಾಸನಾಳದ ಕೆಳಭಾಗದಲ್ಲಿದ್ದರೆ ಟ್ಯೂಬ್ ಅದನ್ನು ಮುಟ್ಟದೆ ಮೇಲೇ ನಿಲ್ಲಬಹುದು. ಅದು ಒಳ್ಳೆಯ ಜಾಗ. ಬಲೂನು ಧ್ವನಿತಂತು ದಾಟಿದ್ದು ಕಂಡ ಕೂಡಲೇ ನಿಲ್ಲಿಸಿ. ಹೆಂಗಸರಿಗೆ 21, ಗಂಡಸರಿಗೆ 23 ಸೆಂಟಿಮೀಟರ್ ಎಂದು ಅಭ್ಯಾಸಬಲದಿಂದ ತಳ್ಳಬೇಡಿ. ಆ ಲೆಕ್ಕ ಸ್ಟೆಂಟ್ ಇಲ್ಲದವರದು. ಸ್ಟೆಂಟ್ ಮೇಲ್ಭಾಗದಲ್ಲೇ ಶುರುವಾಗಿದ್ದರೆ ತುದಿ ಅದರೊಳಗೆ ಹೋಗದೆ ಗತಿಯಿಲ್ಲ. ಆಗ ಕಣ್ಣಿಟ್ಟು ಹೋಗಬೇಕು. ಟ್ಯೂಬನ್ನು ಬ್ರಾಂಕೋಸ್ಕೋಪ್ (ಶ್ವಾಸನಾಳದ ಒಳಗೆ ನೋಡುವ ಸ್ಕೋಪ್) ಮೇಲೆ ಏರಿಸಿಕೊಂಡು, ಮೊದಲು ಸ್ಕೋಪನ್ನು ಸ್ಟೆಂಟ್ ಒಳಗೆ ಕಳಿಸಿ, ಅದರ ಕೆಳತುದಿ ತೆರೆದಿದೆಯೇ ನೋಡಿ, ಆಮೇಲೆ ಟ್ಯೂಬನ್ನು ಜಾರಿಸುವುದು. ಬಲೂನು ಸ್ಟೆಂಟ್ ಒಳಗೇ ಬಂದರೆ ಸೋರಿಕೆ ನಿಲ್ಲುವಷ್ಟು ಮಾತ್ರ ಗಾಳಿ ತುಂಬಿ, ಒಂದು ತೊಟ್ಟೂ ಜಾಸ್ತಿ ಬೇಡ.

ಸೈಜ್ 6 ಇರಲಿ. ಅದಕ್ಕಿಂತ ಸಣ್ಣದೂ ಕೈಗೆ ಸಿಗುವಂತಿರಲಿ. ಮಕ್ಕಳ ಸಣ್ಣ ಟ್ಯೂಬ್‌ಗಳು ದೊಡ್ಡವರಿಗೆ ಉದ್ದ ಸಾಲುವುದಿಲ್ಲ. ಮೈಕ್ರೊಲ್ಯಾರಿಂಜಿಯಲ್ ಟ್ಯೂಬ್ ಎಂದು ಸಿಗುತ್ತದೆ. 4, 5, 6ರ ತೆಳುವಿನಲ್ಲೂ ದೊಡ್ಡವರ ಉದ್ದ ಇರುತ್ತದೆ. ಇಂಥ ರೋಗಿಗಳು ಬರುವ ಆಸ್ಪತ್ರೆಯಲ್ಲಿ ಅದು ಟ್ರಾಲಿಯಲ್ಲಿ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಬಾರಿ ಯಂತ್ರಕ್ಕಿಂತ ಮೊದಲು ಇದನ್ನು ತರಿಸಿ. ಒಂದು ಮಾತು, 6ರ ಟ್ಯೂಬಿನೊಳಗೆ 5 ಮಿಲಿಮೀಟರ್ ದಪ್ಪದ ಸ್ಕೋಪ್ ಹೋದರೆ ಗಾಳಿಗೆ ಜಾಗ ಉಳಿಯುವುದಿಲ್ಲ. ತೆಳು ಸ್ಕೋಪ್ ಹುಡುಕಿ, ಇಲ್ಲವೇ ನೋಡಿ ಬೇಗ ಹೊರಗೆ ತೆಗೆಯಿರಿ.

ರೋಗಿ ಸಹಕರಿಸುತ್ತಿದ್ದರೆ, ಸ್ವಲ್ಪ ಹೊತ್ತು ಇದ್ದರೆ, ಎಚ್ಚರದಲ್ಲೇ ಗಂಟಲು ಮರಗಟ್ಟಿಸಿ ಟ್ಯೂಬ್ ಹಾಕುವುದು ಮೇಲು. ಲಿಗ್ನೋಕೇನ್ ಒಟ್ಟು ಪ್ರಮಾಣ ಕೊಬ್ಬು ಬಿಟ್ಟ ದೇಹತೂಕದ ಕಿಲೋಗೆ 9 ಮಿಲಿಗ್ರಾಂ ದಾಟಬಾರದು. ಈ ಮಿತಿ ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ ಮಾರ್ಗಸೂಚಿಯಲ್ಲಿದೆ. ಮೂಗಿನಿಂದ ಹೈ ಫ್ಲೋ ಆಕ್ಸಿಜನ್ ಹೋಗುತ್ತಲೇ ಇರಲಿ. ನಿದ್ದೆ ಬರಿಸಲೇಬೇಕಾದರೆ ಸಾಮಾನ್ಯವಾಗಿ ಉಸಿರು ನಿಲ್ಲಿಸದ ಕೆಟಮಿನ್ ಸಣ್ಣ ಸಣ್ಣ ಪ್ರಮಾಣದಲ್ಲಿ. ಸ್ನಾಯು ಸಡಿಲಿಸುವ ಔಷಧಿ ಕೊಡಬೇಕೋ ಬೇಡವೋ ಅನ್ನುವುದು ವಾದದ ವಿಷಯ. ಎದೆಯಲ್ಲಿ ದೊಡ್ಡ ಗೆಡ್ಡೆ ನಾಳವನ್ನು ಒತ್ತುತ್ತಿದ್ದರೆ, ಸ್ಟೆಂಟ್ ಕೆಳಗೆ ಗಾಳಿಗೆ ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ನಾನು ಕೊಡುವುದಿಲ್ಲ. ಸ್ಟೆಂಟ್ ತೆರೆದಿದೆ, ತೊಂದರೆ ಬೇರೆ ಕಾರಣದ್ದು ಎಂದು ಖಾತ್ರಿ ಇದ್ದರೆ ಕೊಡುತ್ತೇನೆ. ಒದ್ದಾಡುವ, ಕೆಮ್ಮುವ ರೋಗಿಯಲ್ಲೂ ಸ್ಟೆಂಟ್ ಜರುಗುತ್ತದೆ.

ಬ್ರಾಂಕೋಸ್ಕೋಪ್ ಇಲ್ಲ, ರೋಗಿ ಕುಸಿಯುತ್ತಿದ್ದಾರೆ. ನಿಮ್ಮ ನಿಜವಾದ ರಾತ್ರಿ ಇದೇ ಆಗಿರುತ್ತದೆ. ಮೊದಲು ಮಾಸ್ಕ್ ಮತ್ತು ಬ್ಯಾಗ್, ಇಬ್ಬರು ಸೇರಿ. ಆಗದಿದ್ದರೆ ಲ್ಯಾರಿಂಜಿಯಲ್ ಮಾಸ್ಕ್. ಸ್ಟೆಂಟ್ ರೋಗಿಗಳಲ್ಲಿ ನಾನು ಬಹಳ ನಂಬುವ ಸಾಧನ ಇದು. ಧ್ವನಿಪೆಟ್ಟಿಗೆಯ ಮೇಲೇ ಕೂರುತ್ತದೆ, ಸ್ಟೆಂಟನ್ನು ಮುಟ್ಟುವುದೇ ಇಲ್ಲ. ಸ್ಕೋಪ್ ತಂದ ಮೇಲೆ ಅದರೊಳಗಿಂದಲೇ ಕೆಳಗೆ ನೋಡಬಹುದು. ಅದರ ಮಿತಿಯೂ ಗೊತ್ತಿರಲಿ. ಅಡ್ಡಿ ಕೆಳಗಿದ್ದರೆ ಗಾಳಿ ತಳ್ಳಲು ಒತ್ತಡ ಜಾಸ್ತಿ ಬೇಕು. ಹಳೆಯ ಮಾದರಿಯ ಮಾಸ್ಕಿನಲ್ಲಿ 20 ಸೆಂಟಿಮೀಟರ್ ನೀರಿನ ಒತ್ತಡ ದಾಟಿದರೆ ಸುತ್ತ ಸೋರಲು ಶುರುವಾಗುತ್ತದೆ.

ಅದೂ ಆಗಲಿಲ್ಲ ಅಂದರೆ ಲ್ಯಾರಿಂಗೋಸ್ಕೋಪ್ ಹಾಕಿ ನೋಡಿ, 6ರ ಟ್ಯೂಬ್ ಮೆಲ್ಲಗೆ ಹಾಕಿ. ಹೀಗೆ ನೋಡುವಾಗ ಕೆಲವೊಮ್ಮೆ ಮೇಲಕ್ಕೆ ಬಂದ ಸಿಲಿಕಾನ್ ಸ್ಟೆಂಟ್ ಧ್ವನಿತಂತುಗಳ ನಡುವೆಯೇ ಕಾಣಬಹುದು. ಆಗ ಮ್ಯಾಗಿಲ್ ಫೋರ್ಸೆಪ್ಸ್‌ನಲ್ಲಿ ಹಿಡಿದು ಹೊರಗೆ ತೆಗೆಯಿರಿ. ಟ್ಯೂಬಿಗೆ ತಡೆ ಸಿಕ್ಕರೆ ಒತ್ತಬೇಡಿ. ಅರ್ಧ ಸೆಂಟಿಮೀಟರ್ ಹಿಂದಕ್ಕೆ ಎಳೆದು, ಕಾಲು ಸುತ್ತು ತಿರುಗಿಸಿ, ಮತ್ತೆ ಮೆಲ್ಲಗೆ ಕಳಿಸಿ. ಟ್ಯೂಬಿನ ಓರೆ ತುದಿ ಅಂಚಿಗೆ ಸಿಕ್ಕಿದ್ದರೆ ಹೀಗೆ ಬಿಡಿಸಿಕೊಳ್ಳುತ್ತದೆ. ಆಗಲೂ ಹೋಗದಿದ್ದರೆ ಇನ್ನೂ ಸಣ್ಣ ಟ್ಯೂಬ್. ಬೂಜಿ (ಟ್ಯೂಬಿಗೆ ದಾರಿ ತೋರುವ ತೆಳು ಕಡ್ಡಿ) ಬಳಸುವಾಗ ಅದು ತಡೆಯುವವರೆಗೂ ಕಳಿಸಿ ನೋಡುವ ರೂಢಿ ಇದೆಯಲ್ಲ, ಅದನ್ನು ಇಲ್ಲಿ ಬಿಟ್ಟುಬಿಡಿ. ಅದರ ಬಾಗಿದ ತುದಿ ಸ್ಟೆಂಟ್ ಅಂಚಿಗೆ ಸಿಕ್ಕಬಹುದು. ಸ್ಟೆಂಟ್ ಮತ್ತು ಗೋಡೆಯ ನಡುವೆ ಜಾರಲೂಬಹುದು. ಹೃದಯ ನಿಂತಿದ್ದರೆ ಈ ನಾಜೂಕೆಲ್ಲ ಎರಡನೆಯದು. ಎದೆ ಒತ್ತುವುದು ನಿಲ್ಲಬಾರದು, ಯಾವ ದಾರಿಯಿಂದ ಬೇಗ ಗಾಳಿ ಹೋಗುತ್ತದೋ ಅದೇ ಸರಿ.

ಟ್ಯೂಬ್ ಹೋದ ಮೇಲೆ ಮಾನಿಟರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಅಲೆ ನೋಡಿ. ಅಲೆ ಇಲ್ಲ ಅಂದರೆ ಟ್ಯೂಬ್ ಅನ್ನನಾಳದಲ್ಲಿದೆ ಎಂದೇ ಮೊದಲು ತಿಳಿಯಿರಿ. ಅಲೆ ಇದೆ, ಆದರೆ ಗಾಳಿ ತಳ್ಳಲು ವಿಪರೀತ ಒತ್ತಡ ಬೇಕು ಅಂದರೆ ಟ್ಯೂಬ್ ತುದಿ ಅಂಚಿಗೆ ತಾಗಿದೆ, ಕಫ ಕೆಳಕ್ಕೆ ಹೋಗಿ ಕಟ್ಟಿದೆ, ಅಥವಾ ಸ್ಟೆಂಟ್ ಮಡಚಿದೆ. ಸಲೈನ್ ಬಿಟ್ಟು ಸಕ್ಷನ್ ಮಾಡಿ, ಟ್ಯೂಬನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಎಳೆದು ನೋಡಿ. ಇಂಥವರಿಗೆ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರಲು ಹೆಚ್ಚು ಹೊತ್ತು ಬೇಕು. ಬ್ಯಾಗನ್ನು ಬೇಗ ಬೇಗ ಒತ್ತಿದರೆ ಎದೆಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ಬಿಪಿ ಬೀಳುತ್ತದೆ. ಬಿಪಿ ಕುಸಿಯಿತು ಅಂದರೆ ಮೊದಲು ಬ್ಯಾಗ್ ಬಿಚ್ಚಿ, ಎದೆ ಇಳಿಯಲು ಬಿಡಿ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ತೂತಾಗಿ ಅದನ್ನು ಮುಚ್ಚಲು ಸ್ಟೆಂಟ್ ಹಾಕಿದ್ದರೆ, ಸ್ಟೆಂಟ್ ಜರುಗಿದಾಗ ಗಾಳಿ ಹೊಟ್ಟೆಗೆ ಹೋಗುತ್ತದೆ. ಅವರಿಗೆ ಬಲೂನು ಆ ತೂತಿಗಿಂತ ಕೆಳಗೆ ಇರಬೇಕಾಗುತ್ತದೆ.

ಕತ್ತಿನ ದಾರಿ ಬಗ್ಗೆ ಕೇಳಿದ್ದೀರಿ. ಬಾಯಿಂದ ಯಾವುದೂ ಆಗದೆ, ಆಕ್ಸಿಜನ್ ಬೀಳುತ್ತಿದ್ದರೆ, ಮಾಮೂಲಿ ನಿಯಮವೇ ನಡೆಯುತ್ತದೆ. ಕ್ರಿಕೋಥೈರಾಯ್ಡ್ ಪೊರೆಯಲ್ಲಿ (ಕತ್ತಿನ ಮುಂದೆ, ಧ್ವನಿಪೆಟ್ಟಿಗೆಯ ಕೆಳಭಾಗದ ತೆಳು ಪೊರೆ) ಚಾಕು, ಬೂಜಿ, 6ರ ಟ್ಯೂಬ್. ಸ್ಟೆಂಟ್ ಹಾಕುವವರು ಸಾಮಾನ್ಯವಾಗಿ ಧ್ವನಿತಂತುಗಳಿಂದ ಸ್ವಲ್ಪ ಅಂತರ ಬಿಟ್ಟೇ ಹಾಕುತ್ತಾರೆ. ಹಾಗಾಗಿ ಹೆಚ್ಚಿನವರಲ್ಲಿ ಆ ಪೊರೆಯ ಹಿಂದೆ ಸ್ಟೆಂಟ್ ಇರುವುದಿಲ್ಲ. ಆದರೆ ಸ್ಟೆಂಟ್ ಬಹಳ ಮೇಲಿದ್ದರೆ ಚಾಕು ಅದಕ್ಕೇ ತಾಗಬಹುದು. ಸಿಲಿಕಾನ್ ಆದರೆ ಕತ್ತರಿಸಬಹುದು, ಆ ತೂತಿನಿಂದಲೇ ಎಳೆದು ತೆಗೆಯಲೂಬಹುದು. ಲೋಹದ ಜಾಲರಿಯಾದರೆ ಕಷ್ಟ. ಟ್ಯೂಬ್ ಜಾಲರಿಯ ಒಳಗೇ ಹೋಗಬೇಕು, ಹೊರಗೆ ಅಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಡ್ಡಿ ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಹತ್ತಿರ ಇದ್ದರೆ, ಕತ್ತಿನಲ್ಲಿ ಎಷ್ಟು ಚೆನ್ನಾಗಿ ತೂತು ಮಾಡಿದರೂ ಪ್ರಯೋಜನವಿಲ್ಲ. ಟ್ರೆಕಿಯಾಸ್ಟಮಿ ಟ್ಯೂಬ್ ಗಿಡ್ಡ, ಅಡ್ಡಿಯ ಮೇಲೇ ಮುಗಿಯುತ್ತದೆ. ಅಲ್ಲಿ ಬೇಕಿರುವುದು ಸ್ಟೆಂಟ್ ಒಳಗಿಂದ ಕೆಳಕ್ಕೆ ದಾಟುವ ತೆಳು ಉದ್ದ ಟ್ಯೂಬ್, ಇಲ್ಲವೇ ರಿಜಿಡ್ ಬ್ರಾಂಕೋಸ್ಕೋಪ್. ಆ ಲೋಹದ ಕೊಳವೆ ಒಂದೇ ಸಲಕ್ಕೆ ದಾರಿ ಬಿಡಿಸುತ್ತದೆ, ಗಾಳಿ ಕೊಡುತ್ತದೆ, ಸ್ಟೆಂಟನ್ನೂ ಹಿಡಿದು ತೆಗೆಯುತ್ತದೆ. ಅದನ್ನು ಬಳಸಬಲ್ಲವರು ಎಲ್ಲಿದ್ದಾರೆ ಅನ್ನುವುದು ಇವತ್ತೇ ಗೊತ್ತು ಮಾಡಿಕೊಳ್ಳಿ. ಎಕ್ಮೊ (ದೇಹದ ಹೊರಗೆ ರಕ್ತಕ್ಕೆ ಆಕ್ಸಿಜನ್ ಸೇರಿಸುವ ಯಂತ್ರ) ಬಗ್ಗೆಯೂ ಕೆಲವರು ಕೇಳುತ್ತಾರೆ. ಮೊದಲೇ ಯೋಜನೆ ಮಾಡಿ ಜೋಡಿಸಿದರೆ ಅದು ದೊಡ್ಡ ಆಸರೆ. ಉಸಿರು ಪೂರ್ತಿ ನಿಂತ ಮೇಲೆ ಜೋಡಿಸಲು ಹೊರಟರೆ ಸಮಯ ಸಾಲುವುದಿಲ್ಲ.

ಬೇರೆ ತುರ್ತು ಆಪರೇಷನ್ ಬಂದರೆ, ಬೆನ್ನಿಗೆ ಅಥವಾ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಆಗುತ್ತದೆಯೇ ನೋಡಿ. ಅದಾದರೆ ಶ್ವಾಸನಾಳದ ತಂಟೆಗೇ ಹೋಗಬೇಕಿಲ್ಲ. ಪೂರ್ತಿ ಅರಿವಳಿಕೆ ಬೇಕಾದರೆ, ಹೊಟ್ಟೆ ಖಾಲಿ ಇದ್ದವರಿಗೆ ಲ್ಯಾರಿಂಜಿಯಲ್ ಮಾಸ್ಕ್ ಸಾಕು. ಹೊಟ್ಟೆ ತುಂಬಿದ್ದವರಿಗೆ ಟ್ಯೂಬೇ ಬೇಕು, ಸ್ಕೋಪ್ ಮೇಲೆ ಹಾಕಿ. ಶ್ವಾಸನಾಳದ ಹತ್ತಿರ ಲೇಸರ್ ಅಥವಾ ಡಯಾಥರ್ಮಿ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಸಾಧನ) ಬಳಸುವಾಗ ಆಕ್ಸಿಜನ್ 40 ಶೇಕಡಾ ದಾಟದಂತೆ ನೋಡಿಕೊಳ್ಳಿ. ಸಿಲಿಕಾನ್ ಮತ್ತು ಸ್ಟೆಂಟ್ ಹೊದಿಕೆಗಳಿಗೆ ಬೆಂಕಿ ಹತ್ತುತ್ತದೆ.

ಟ್ಯೂಬ್ ತೆಗೆಯುವಾಗಲೂ ಹಾಕುವಾಗಿನಷ್ಟೇ ಎಚ್ಚರ ಬೇಕು. ಬಲೂನಿನ ಗಾಳಿಯನ್ನು ಸಿರಿಂಜಿನಲ್ಲಿ ಪೂರ್ತಿ ಎಳೆಯಿರಿ. ಸ್ವಲ್ಪ ಉಳಿದರೂ ಅದು ಸ್ಟೆಂಟನ್ನು ಮೇಲಕ್ಕೆ ಎಳೆದು ತರಬಹುದು. ಸ್ಕೋಪ್ ಇದ್ದರೆ ಒಮ್ಮೆ ಇಣುಕಿ, ಸ್ಟೆಂಟ್ ಜಾಗದಲ್ಲೇ ಇದೆಯೇ, ಕೆಳತುದಿ ತೆರೆದಿದೆಯೇ ನೋಡಿ. ತೆಗೆದ ಮೇಲೆ ಕಡಿಮೆಯೆಂದರೂ ಆ ರಾತ್ರಿ ಕಣ್ಣೆದುರಿಗೇ ಇರಲಿ.

ಮನೆಯವರಿಗೆ ಹೇಳಿ ಕಳಿಸಬೇಕಾದದ್ದು ಇದೆ. ದಿನಕ್ಕೆ ಎರಡು ಮೂರು ಸಲ ಸಲೈನ್ ನೆಬ್ಯುಲೈಸರ್ ತಪ್ಪಿಸಬಾರದು. ಕೆಮ್ಮು ನಿಲ್ಲಿಸುವ ಸಿರಪ್ ಕೇಳದೆ ಕೊಡಬಾರದು, ಕೆಮ್ಮೇ ಅವರ ಪೊರಕೆ. ಹೊಸ ಶಬ್ದ, ದನಿ ಬದಲಾಗುವುದು, ಕಫ ಬರುತ್ತಿದ್ದದ್ದು ಹಠಾತ್ತನೆ ನಿಲ್ಲುವುದು, ರಕ್ತ, ತಂತಿಯ ಚೂರು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಪರ್ಸಿನಲ್ಲಿ ಒಂದು ಕಾರ್ಡ್, ಫೋನಿನಲ್ಲಿ ಅದರ ಫೋಟೋ. ಸ್ಟೆಂಟ್ ಬಗೆ, ಅಗಲ, ಉದ್ದ, ಧ್ವನಿತಂತುಗಳಿಂದ ಎಷ್ಟು ಕೆಳಗೆ ಶುರುವಾಗುತ್ತದೆ, ಹಾಕಿದ ದಿನಾಂಕ, ಕರೆ ಮಾಡಬೇಕಾದ ನಂಬರ್. ಇದರ ಕೆಳಗೆ ನೀವೂ ಒಂದು ಸಾಲು ಸೇರಿಸಿ. ಈ ಸಲ ಯಾವ ಟ್ಯೂಬ್ ಹೋಯಿತು, ಹಲ್ಲಿನ ಹತ್ತಿರ ಎಷ್ಟು ಸೆಂಟಿಮೀಟರ್‌ಗೆ ನಿಂತಿತು, ಎಲ್ಲಿ ತಡೆಯಿತು. ಮುಂದಿನ ಸಲ ಈ ರೋಗಿಯನ್ನು ನೋಡುವ ವೈದ್ಯರಿಗೆ ಅದನ್ನು ತಿಳಿದುಕೊಳ್ಳಲು ಬೇರೆ ದಾರಿ ಇರುವುದಿಲ್ಲ.